ಹೊಸ ಸಾಣೆಕಲ್ಲಿನ ಉಬ್ಬು

ಹೋದ ತಿಂಗಳು ನರ್ಸಿಂಗ್ ಓದುತ್ತಿರುವ ಮೂವರು ಹುಡುಗಿಯರು ನಮ್ಮ ಮನೆಗೆ ಬಂದಿದ್ದರು. ಅವರಲ್ಲೊಬ್ಬಳು ನನ್ನ ತಂಗಿಯ ಮೊಮ್ಮಗಳು. ಮಾತಿನ ನಡುವೆ ಅವಳು, "ಅಜ್ಜಿ, ನಿಮ್ಮ ಕಾಲದಲ್ಲಿ ಸೂಜಿ ಮೊಂಡಾದ್ರೆ ಎಸೀತಿದ್ರಾ?" ಎಂದು ಕೇಳಿದಳು. "ಎಸೆಯೋದೆಲ್ಲಿ ಬಂತು, ಸಾಣೆ ಹಿಡೀತಿದ್ವಿ" ಎಂದೆ. ಮೂವರೂ ಮುಖ ಮುಖ ನೋಡಿಕೊಂಡು ನಕ್ಕರು. ಮುದುಕಿ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡರೋ ಏನೋ. ಅವರು ಹೋದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ನರ್ಸಾಗಿದ್ದೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಆಸ್ಪತ್ರೆ, ಡಿಸ್ಪೆನ್ಸರಿಗಳಲ್ಲೇ ಆಯಸ್ಸು ಕಳೆಯಿತು. ಎಲ್ಲಿಂದ ಎಲ್ಲಿಗೆ ವರ್ಗವಾಯಿತು, ಯಾವಾಗ ಹೆಡ್ ನರ್ಸ್ ಆದೆ ಎಂಬುದೆಲ್ಲ ಸರ್ಕಾರದ ಪುಸ್ತಕದಲ್ಲಿದೆ. ಅದರಲ್ಲಿ ಇಲ್ಲದ ಒಂದು ಸಂಗತಿ ಇಲ್ಲಿ ಬರೆಯುತ್ತಿದ್ದೇನೆ.

ಆಗ ಸೂಜಿ ಎಂದರೆ ಉಕ್ಕಿನದು. ಸಿರಿಂಜು ಗಾಜಿನದು. ಬೆಳಿಗ್ಗೆ ಬಂದ ಕೂಡಲೇ ಪಂಪ್ ಸ್ಟವ್ ಹಚ್ಚಿ ಎರಡನ್ನೂ ನೀರಲ್ಲಿ ಕುದಿಸುತ್ತಿದ್ದೆವು. ಒಂದು ಸೂಜಿ ತಿಂಗಳುಗಟ್ಟಲೆ ಬಾಳಬೇಕು. ಅದರೊಳಗೆ ಸಣ್ಣ ತಂತಿ ತೂರಿಸಿ ಶುಚಿ ಮಾಡಬೇಕು. ಮೊಂಡಾದರೆ ಎಣ್ಣೆ ಸವರಿದ ಸಾಣೆಕಲ್ಲಿನ ಮೇಲೆ ಅದರ ಓರೆ ಬಾಯನ್ನು ಸಮನಾಗಿ ಕೂರಿಸಿ, ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಉಜ್ಜಬೇಕು. ಆಮೇಲೆ ಹತ್ತಿಯ ಮೇಲೆ ತುದಿಯನ್ನು ಎಳೆದು ನೋಡಬೇಕು. ಎಳೆ ಸಿಕ್ಕಿಕೊಂಡರೆ ತುದಿಗೆ ಕೊಕ್ಕೆ ಬಂದಿದೆ ಎಂದರ್ಥ. ಕೊಕ್ಕೆ ಬಂದ ಸೂಜಿ ಒಳಗೆ ಹೋಗುವಾಗ ಹರಿಯುತ್ತದೆ, ಹೊರಗೆ ಬರುವಾಗ ಮತ್ತೊಮ್ಮೆ ಹರಿಯುತ್ತದೆ.

ಇಷ್ಟನ್ನು ನನಗೆ ತರಬೇತಿಯಲ್ಲೇ ಹೇಳಿಕೊಟ್ಟಿದ್ದರು. ಹೇಳಿಕೊಡದೆ ಬಿಟ್ಟಿದ್ದು ಒಂದೇ ವಿಷಯ. ಹೊಸ ಸಾಣೆಕಲ್ಲು ಪೆಟ್ಟಿಗೆಯಿಂದ ಬರುವಾಗ ಮಟ್ಟವಾಗಿ ಇರುವುದಿಲ್ಲ ಎಂಬುದು.

ಐವತ್ತರ ದಶಕದ ಕೊನೆಯಲ್ಲಿ ನನ್ನನ್ನು ಒಂದು ಸಣ್ಣ ಆಸ್ಪತ್ರೆಗೆ ಹಾಕಿದರು. ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಊರು ಎಂದು ಹೇಳುವುದಿಲ್ಲ. ತಪ್ಪು ನನ್ನದು, ಊರಿಗೆ ಅದರ ಮಾತು ಅಂಟುವುದು ಬೇಡ. ಅಲ್ಲಿ ಒಬ್ಬರೇ ಡಾಕ್ಟರು. ಶಾಮಣ್ಣ ಎಂದು ಕರೆಯುತ್ತೇನೆ. ಮಾತು ಕಡಿಮೆ, ಬೈದರೂ ದನಿ ಎತ್ತುತ್ತಿರಲಿಲ್ಲ, ಅದಕ್ಕೇ ನನಗೆ ಅವರೆಂದರೆ ಭಯ. ನಾನು ಹೋಗಿ ಎರಡು ತಿಂಗಳಿಗೆ ಆಸ್ಪತ್ರೆಯ ಹಳೇ ಸಾಣೆಕಲ್ಲು ಕೈಜಾರಿ ಬಿದ್ದು ಎರಡು ತುಂಡಾಯಿತು. ಕೇಳಿ ಬರೆದ ಮೇಲೆ ಹೊಸ ಕಲ್ಲು ಬಂತು. ಮರದ ಡಬ್ಬಿಯಲ್ಲಿ ಕಾಗದ ಸುತ್ತಿಕೊಂಡು, ಬೂದು ಬಣ್ಣಕ್ಕೆ, ಮುಟ್ಟಿದರೆ ರೇಷ್ಮೆಯ ಹಾಗಿತ್ತು. ಅಂಥ ಚೆಂದದ ವಸ್ತುವನ್ನು ಅನುಮಾನಿಸುವುದು ಹೇಗೆ? ಅವತ್ತೇ ಮಧ್ಯಾಹ್ನ ಇದ್ದಬದ್ದ ಸೂಜಿಗಳನ್ನೆಲ್ಲ ಅದರ ಮೇಲೆ ಉಜ್ಜಿಟ್ಟೆ. ಎಲ್ಲವೂ ಫಳಫಳ ಹೊಳೆದವು. ಹತ್ತಿಯ ಪರೀಕ್ಷೆ ಮಾಡಲಿಲ್ಲ. ಹೊಸ ಕಲ್ಲಲ್ಲವೇ, ಇನ್ನೇನು ನೋಡುವುದು ಎಂದುಕೊಂಡೆ.

ಆ ವಾರವೇ ಹಾಜಿರಾಬಿಗೆ ಇಂಜೆಕ್ಷನ್ ಶುರುವಾಯಿತು. ಆಕೆಗೆ ಮೂವತ್ತರ ಆಚೀಚೆ ವಯಸ್ಸು. ಕ್ಷಯ. ದಿನಕ್ಕೊಂದರಂತೆ ಮೂರು ತಿಂಗಳು ಸ್ಟ್ರೆಪ್ಟೋಮೈಸಿನ್ ಹಾಕಬೇಕೆಂದು ಡಾಕ್ಟರು ಬರೆದಿದ್ದರು. ಅರ್ಧಕ್ಕೆ ಬಿಟ್ಟರೆ ಕಾಯಿಲೆ ಔಷಧಿಗೆ ಬಗ್ಗದ ಹಾಗೆ ಬಲಿಯುತ್ತದೆ ಎಂದು ಗಂಡ ಹೆಂಡತಿಯನ್ನು ಕೂರಿಸಿಕೊಂಡು ಹೇಳಿದ್ದರು. ಗಂಡ ಗಫೂರ್ ಸಾಬರು ಸಿರಾ ಕಡೆಯವರು, ನಮ್ಮ ಆಸ್ಪತ್ರೆಯಿದ್ದ ಊರಿನ ಬಜಾರಿನಲ್ಲಿ ಸಾಣೆ ಹಿಡಿಯುವ ಅಂಗಡಿ ಇಟ್ಟಿದ್ದರು. ದರ್ಜಿಗಳ ಕತ್ತರಿ, ಕ್ಷೌರದವರ ಕತ್ತಿ, ಮನೆಮನೆಯ ಈಳಿಗೆಮಣೆ ಎಲ್ಲ ಅವರ ಕೈಗೇ ಬರಬೇಕು. ಹೆಂಡತಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಆಕೆಯನ್ನು ಆಸ್ಪತ್ರೆಗೆ ಬಿಟ್ಟು, ಹೊರಗಿನ ಬೇವಿನ ಮರದಡಿ ನಿಂತಿದ್ದು, ಮುಗಿದ ಮೇಲೆ ಕರೆದುಕೊಂಡು ಹೋಗುತ್ತಿದ್ದರು.

ಮೊದಲ ದಿನ ಹಾಜಿರಾಬಿ ತುಟಿ ಕಚ್ಚಿಕೊಂಡು ಸುಮ್ಮನಿದ್ದರು. ಮೂರನೆಯ ದಿನ "ಯಾ ಅಲ್ಲಾ" ಎಂದರು. ಐದನೆಯ ದಿನ ಸೂಜಿ ಹತ್ತಿರ ತಂದ ಕೂಡಲೇ ಮೈಯೆಲ್ಲ ಕಲ್ಲಾಗಿಬಿಟ್ಟಿತು. "ಮೈ ಬಿಗಿ ಹಿಡಿದ್ರೆ ನೋವಾಗದೆ ಇನ್ನೇನಾಗುತ್ತೆ? ಸಡಿಲ ಬಿಡಿ" ಎಂದೆ. ಇನ್ನೆರಡು ದಿನ ಕಳೆದ ಮೇಲೆ, ಚುಚ್ಚಿದ ಜಾಗಗಳೆಲ್ಲ ಗಂಟುಕಟ್ಟಿರುವುದನ್ನು ನೋಡಿ ನಾನು ಇನ್ನೊಂದು ಮಾತು ಹೇಳಿದೆ. "ನಿಮ್ಮ ಮೈಯೇ ಸರಿಯಿಲ್ಲ ನೋಡಿ. ಬೇರೆಯವರಿಗೆ ಹೀಗಾಗೋದಿಲ್ಲ."

ಅದು ಸುಳ್ಳು. ಬೇರೆಯವರಿಗೂ ನೋಯುತ್ತಿತ್ತು. ಆದರೆ ಅವರು ಒಂದೋ ಎರಡೋ ಚುಚ್ಚಿಸಿಕೊಂಡು ಹೋಗುವವರು, ಬೈದುಕೊಂಡು ಮರೆಯುತ್ತಿದ್ದರು. ದಿನವೂ ಬರಬೇಕಾದವರು ಆಕೆಯೊಬ್ಬರೇ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಹೇಳಬೇಕಾದ್ದು ಹೆಚ್ಚಿಗೇನೂ ಇಲ್ಲ, ಇದೊಂದನ್ನು ನೆನಪಿಡಿ: ರೋಗಿಯ ಮೈಯನ್ನು ದೂರುವ ಮೊದಲು ನಿಮ್ಮ ಕೈಯಲ್ಲಿರುವುದನ್ನು ನೋಡಿಕೊಳ್ಳಿ.

ಹದಿಮೂರನೆಯ ದಿನ ಹಾಜಿರಾಬಿ ಬರಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನ ಗಫೂರ್ ಸಾಬರು ಒಬ್ಬರೇ ಬಂದು ಬಾಗಿಲಲ್ಲಿ ನಿಂತರು.

"ನರ್ಸಮ್ಮ, ಔಷಧಿ ಬಾಯಿಗೆ ಹಾಕಂಬೋ ಅಂಗೆ ಏನಾರ ಸಿಕ್ತದಾ? ಅವಳು ಬರಕಿಲ್ಲ ಅಂತವ್ಳೆ."

"ಬಾಯಿಗೆ ಹಾಕೋ ಮಾತ್ರೆ ಬೇರೆ ಕೊಟ್ಟಿದ್ದೀವಲ್ಲ ಸಾಬ್ರೇ. ಅದರ ಜೊತೆ ಇದೂ ಆಗಬೇಕು. ನೀವು ಸ್ವಲ್ಪ ಗದರಿ ಹೇಳಿ."

"ಗದರೋಕೆ ಅವಳ ಮೈಯಾಗೆ ಏನೈತೆ ಈಗ" ಎಂದರು. ಆಮೇಲೆ, "ಒಂದು ಮಾತು ಕೇಳ್ತೀನಿ, ಕೋಪ ಮಾಡ್ಕಬ್ಯಾಡಿ. ಆ ಸೂಜಿ ಒಂಚೂರು ತೋರುಸ್ತೀರಾ?" ಎಂದರು.

ನಾನು ಒಂದು ಸೂಜಿಯನ್ನು ಚಿಮಟದಲ್ಲಿ ಹಿಡಿದು ಹತ್ತಿಯ ಮೇಲಿಟ್ಟು ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದರು. ತಮ್ಮ ಹೆಬ್ಬೆರಳ ಉಗುರಿನ ಮೇಲೆ ತುದಿಯನ್ನು ಸುಮ್ಮನೆ ಎಳೆದರು. ಉಗುರಿನ ಮೇಲೆ ಬೆಳ್ಳಗೆ ಗೀರು ಬಿತ್ತು. ಆಮೇಲೆ ಸೂಜಿಯನ್ನು ಹತ್ತಿಯ ಮೇಲೆ ಎಳೆದು ನನ್ನ ಮುಂದೆ ಹಿಡಿದರು. ತುದಿಗೆ ಹತ್ತಿಯ ಎಳೆ ಜೋತುಬಿದ್ದಿತ್ತು.

"ಕಲ್ಲು ಯಾವುದು?" ಎಂದರು.

ಡಬ್ಬಿ ತಂದುಕೊಟ್ಟೆ. ಕಲ್ಲನ್ನು ಕಿಟಕಿಯ ಹತ್ತಿರ ಒಯ್ದು, ಮೇಜಿನ ಮೇಲಿದ್ದ ಕಬ್ಬಿಣದ ಸ್ಕೇಲಿನ ಅಂಚನ್ನು ಅದರ ಮೇಲೆ ಉದ್ದಕ್ಕೆ ಊರಿ ನಿಲ್ಲಿಸಿ ನನ್ನನ್ನು ಕರೆದರು. ನಡುವೆ ಸ್ಕೇಲು ಕಲ್ಲಿಗೆ ಅಂಟಿತ್ತು. ಎರಡೂ ತುದಿಗಳಲ್ಲಿ ಕೆಳಗಿಂದ ಬೆಳಕು ಕಾಣುತ್ತಿತ್ತು.

"ಹೊಟ್ಟೆ ಉಬ್ಬಿಸ್ಕೊಂಡು ಕುಂತೈತೆ ನೋಡಿ. ಇದ್ರ ಮ್ಯಾಲೆ ಸೂಜಿ ಬಾಯಿ ಸಮ ಕುಂದ್ರಲ್ಲ. ಹತ್ತಲ್ಲ ಅಂತ ನೀವು ಒತ್ತೀರಿ. ಒತ್ತಿದ್ರೆ ತುದಿ ಮಡಚ್ಕಂತದೆ. ಹೊಸ ಕಲ್ಲುನ್ನ ಮಟ್ಟ ಮಾಡ್ದೆ ಯಾರೂ ಹಿಡಿಯಾಕಿಲ್ಲ ನರ್ಸಮ್ಮ. ಕ್ಷೌರದವ್ರು ಸೈತ ಹಿಡಿಯಾಕಿಲ್ಲ."

ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಹನ್ನೆರಡು ದಿನ ತಮ್ಮ ಹೆಂಡತಿಗೆ ಚುಚ್ಚಿದ್ದನ್ನು ಕೈಯಲ್ಲಿ ಹಿಡಿದುಕೊಂಡು ಆ ಮನುಷ್ಯ ನನಗೆ ಕೆಲಸ ಹೇಳಿಕೊಡುತ್ತಿದ್ದರು. ನಾನು ನೆಲ ನೋಡುತ್ತ ನಿಂತೆ.

"ಮಟ್ಟ ಮಾಡೋದು ಹೇಗೆ?" ಎಂದು ಕೇಳಿದೆ.

"ದಪ್ಪದೊಂದು ಗಾಜು ಬೇಕು. ನಂದು ಒಡೆದೋಗೈತೆ. ನೀವು ಗಾಜು ತಗಂಡು ಅಂಗಡಿ ತಾವ ಬನ್ನಿ, ಉಳಿದದ್ದು ನನ್ನತ್ರ ಐತೆ."

ಆಸ್ಪತ್ರೆಯಲ್ಲಿ ದಪ್ಪ ಗಾಜು ಇದ್ದದ್ದು ಒಂದೇ ಕಡೆ, ಡಾಕ್ಟರ ಕೋಣೆಯ ಔಷಧಿ ಬೀರುವಿನಲ್ಲಿ. ಅದರ ಮೂರು ಅಂತಸ್ತೂ ಗಾಜಿನವು. ಗಾಜು ಕೇಳಬೇಕಾದರೆ ಕಾರಣ ಹೇಳಬೇಕು. ಅರ್ಧ ಗಂಟೆ ಬಾಗಿಲ ಹೊರಗೆ ನಿಂತಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅಪ್ಪ ತೀರಿಕೊಂಡಿದ್ದರು, ತಂಗಿ ಓದುತ್ತಿದ್ದಳು. ಅದೆಲ್ಲ ತಲೆಯಲ್ಲಿ ಸುತ್ತುತ್ತಿತ್ತು. ಕೊನೆಗೆ ಒಳಗೆ ಹೋಗಿ, ಮೇಜಿನ ಅಂಚು ಹಿಡಿದುಕೊಂಡು, ಮೊದಲಿನಿಂದ ಕೊನೆಯವರೆಗೆ ಹೇಳಿಬಿಟ್ಟೆ. ಆಕೆಯ ಮೈ ಸರಿಯಿಲ್ಲ ಎಂದು ಅಂದದ್ದನ್ನೂ ಹೇಳಿದೆ.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಎದ್ದು ಹೋಗಿ ಬೀರುವಿನ ಕೆಳಗಿನ ಅಂತಸ್ತಿನ ಬಾಟಲಿಗಳನ್ನು ಒಂದೊಂದಾಗಿ ನೆಲಕ್ಕಿಳಿಸಿ, ಗಾಜನ್ನು ಎಳೆದು ನನ್ನ ಕೈಗೆ ಕೊಟ್ಟರು.

"ಸಮಜಾಯಿಷಿ ಬರೆದುಕೊಡಲಾ ಸಾರ್?" ಎಂದೆ.

"ಆಕೇನ ವಾಪಸ್ ಕರ್ಕೊಂಡು ಬನ್ನಿ. ಅದೇ ನಿಮ್ಮ ಸಮಜಾಯಿಷಿ" ಎಂದರು. ನಾನು ಬಾಗಿಲು ದಾಟುವಾಗ ಮತ್ತೆ ಕರೆದು, "ವೆಂಕಟಲಕ್ಷ್ಮಮ್ಮ, ನಾನೂ ಆ ಸೂಜಿ ನೋಡಬೇಕಾಗಿತ್ತು" ಎಂದರು. ಅಷ್ಟು ದೊಡ್ಡವರು ನನ್ನಂಥ ಹೊಸಬಳ ಮುಂದೆ ಹಾಗೆ ಹೇಳಿದ್ದು ನನ್ನ ನೌಕರಿಯಲ್ಲಿ ಅದೊಂದೇ ಸಲ.

ಮರುದಿನ ಬೆಳಿಗ್ಗೆಯೇ ಗಾಜು, ಕಲ್ಲು, ಸ್ಕೇಲು, ಸೂಜಿಗಳನ್ನು ತೆಗೆದುಕೊಂಡು ಹೋದೆ. ಗಫೂರ್ ಸಾಬರ ಅಂಗಡಿ ಎಂದರೆ ಮನೆಯ ಮುಂದಿನ ಜಗಲಿ. ಗಾಜಿನ ಕೆಳಗೆ ಒದ್ದೆ ಗೋಣಿ ಹಾಸಿ ಅಲುಗಾಡದಂತೆ ಕೂರಿಸಿದರು. ಕಲ್ಲಿಗೆ ಅಂಟಿದ್ದ ಎಣ್ಣೆಯನ್ನು ಸೋಪು ಹಾಕಿ ತೊಳೆದು ಒರೆಸಿದರು. ಆಮೇಲೆ ಕಿವಿಯ ಮೇಲಿಂದ ಪೆನ್ಸಿಲ್ ತೆಗೆದು ಕಲ್ಲಿನ ಮೈಮೇಲೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದರು, ಮಕ್ಕಳು ಚೌಕಾಬಾರಕ್ಕೆ ಎಳೆದ ಹಾಗೆ. ಗಾಜಿನ ಮೇಲೆ ಒಂದು ಚಿಟಿಕೆ ಸಾಣೆಪುಡಿ ಉದುರಿಸಿ, ನಾಲ್ಕು ಹನಿ ನೀರು ಬಿಟ್ಟು, ಕಲ್ಲನ್ನು ಬೋರಲು ಹಾಕಿ ನನ್ನ ಕಡೆ ಸರಿಸಿದರು.

"ಸುತ್ತಾಕಿ ಉಜ್ಜಿ."

"ನೀವೇ ಮಾಡಿಕೊಡಿ ಸಾಬ್ರೇ, ನನ್ನ ಕೈಗೆ ಬರುತ್ತೋ ಇಲ್ಲವೋ."

"ನಾನು ಮಾಡ್ಕೊಟ್ರೆ ಮುಂದಿನ ಕಲ್ಲು ಬಂದಾಗ ಏನ್ ಮಾಡ್ತೀರಿ? ಉಜ್ಜಿ."

ಉಜ್ಜಿದೆ. ಮೊದಲು ಕರಕರ ಸದ್ದು, ಆಮೇಲೆ ಪುಡಿ ನುಣ್ಣಗಾಗಿ ಸದ್ದು ಇಳಿಯಿತು. "ಒತ್ತಬ್ಯಾಡಿ, ಕಲ್ಲಿನ ಭಾರ ಅದಕ್ಕೇ ಸಾಕು" ಎನ್ನುತ್ತಿದ್ದರು. ಆಗಾಗ ಕಲ್ಲನ್ನು ತಿರುಗಿಸಿ ಹಿಡಿಯಲು ಹೇಳಿದರು, ಇಲ್ಲದಿದ್ದರೆ ಒಂದೇ ಕಡೆ ಸವೆಯುತ್ತದಂತೆ. ತೊಳೆದು ನೋಡಿದರೆ ನಡುವಿನ ಗೆರೆಗಳು ಅಳಿಸಿಹೋಗಿದ್ದವು, ತುದಿಗಳ ಗೆರೆಗಳು ಹಾಗೇ ಇದ್ದವು. ಉಬ್ಬು ಎಲ್ಲಿದೆ, ತಗ್ಗು ಎಲ್ಲಿದೆ ಎಂದು ಕಲ್ಲೇ ಹೇಳಿದ ಹಾಗಾಯಿತು. ಮತ್ತೆ ಗೆರೆ, ಮತ್ತೆ ಪುಡಿ, ಮತ್ತೆ ನೀರು. ಬೆಳಿಗ್ಗೆ ಕೂತವಳು ಹೊತ್ತು ನೆತ್ತಿಗೆ ಬರುವವರೆಗೆ ಉಜ್ಜಿದೆ. ಸೀರೆಯ ಅಂಚೆಲ್ಲ ಬೂದು ಕೆಸರಾಯಿತು. ಒಳಗಿನಿಂದ ಆಗಾಗ ಕೆಮ್ಮು ಕೇಳಿಸುತ್ತಿತ್ತು. ಕೆಮ್ಮು ಕೇಳಿದಾಗಲೆಲ್ಲ ಗಫೂರ್ ಸಾಬರು ಮಾತು ನಿಲ್ಲಿಸುತ್ತಿದ್ದರು, ಅದು ನಿಂತ ಮೇಲೆ ಮುಂದುವರಿಸುತ್ತಿದ್ದರು.

ಕೊನೆಯ ಸಲ ತೊಳೆದಾಗ ಒಂದು ಗೆರೆಯೂ ಉಳಿದಿರಲಿಲ್ಲ. ಸ್ಕೇಲಿನ ಕೆಳಗೆ ಬೆಳಕು ಕಾಣಲಿಲ್ಲ. ಚೂಪಾಗಿದ್ದ ಅಂಚುಗಳನ್ನು ಅವರು ಚೂರು ಸವರಿ, ಪುಡಿಯ ಕಣ ಉಳಿಯದಂತೆ ಇನ್ನೆರಡು ನೀರಲ್ಲಿ ತೊಳೆಸಿ, ನಾಲ್ಕು ಸೂಜಿಗೆ ಸಾಣೆ ಹಿಡಿಯಲು ಹೇಳಿದರು. ಒಂದನ್ನು ಹತ್ತಿಯ ಮೇಲೆ ಎಳೆದೆ. ಎಳೆ ಸಿಕ್ಕಲಿಲ್ಲ. ಇನ್ನೊಂದು, ಮತ್ತೊಂದು, ಯಾವುದೂ ಸಿಕ್ಕಲಿಲ್ಲ.

"ಕಲ್ಲಿನ ವಿಚಾರ ನಾನು ಹೇಳ್ದೆ" ಎಂದರು ಗಫೂರ್ ಸಾಬರು. "ಅವಳಿಗೆ ನಾನೇನೂ ಹೇಳಿಲ್ಲ. ಅದು ನೀವೇ ಹೇಳ್ಬೇಕು."

ಒಳಗೆ ಹೋದೆ. ಹಾಜಿರಾಬಿ ಹಿತ್ತಲ ಬಾಗಿಲಿನ ಹತ್ತಿರ ಗೋಡೆಗೆ ಒರಗಿ ಕೂತಿದ್ದರು. ಕಾಯಿಲೆ ಬಂದಾಗಿನಿಂದ ಆಕೆಯ ತಟ್ಟೆ ಲೋಟ ಬೇರೆ, ಕೂರುವ ಜಾಗ ಬೇರೆ. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡರು.

"ನಾನು ಬರಕಿಲ್ಲ ನರ್ಸಮ್ಮ. ಸುಮ್ನೆ ಬಂದ್ರಿ. ಹೋಗೋ ಜೀವ ಹೋಗ್ಲಿ ಬುಡಿ. ಮೈಯೆಲ್ಲ ಗಂಟು, ಕೂರೋಕೂ ಆಗಲ್ಲ, ಮಲಗೋಕೂ ಆಗಲ್ಲ. ನೀವೇ ಹೇಳಿದ್ರಲ್ಲ, ನನ್ನ ಮೈಯೇ ಸರಿಯಿಲ್ಲ ಅಂತ."

ನಾನು ಆಕೆಯ ಎದುರು ನೆಲದ ಮೇಲೆ ಕೂತೆ. "ನಿಮ್ಮ ಮೈ ಸರಿಯಾಗೇ ಇದೆ ಹಾಜಿರಾಬಿ. ಸೂಜಿ ಕೆಟ್ಟಿತ್ತು. ಕೆಡಿಸಿದವಳು ನಾನು. ನೋಡದೆ ಚುಚ್ಚಿದೆ. ನಿಮಗೆ ನೋವಾದಾಗ ನಿಮ್ಮನ್ನೇ ಅಂದೆ. ತಪ್ಪಾಯಿತು."

ಹಿತ್ತಲಿನಲ್ಲಿ ಕೋಳಿಯೊಂದು ಕೆದಕುತ್ತಿತ್ತು. ಆಕೆ ಅದನ್ನೇ ನೋಡುತ್ತಿದ್ದರು.

"ಹನ್ನೆರಡು ದಿನ" ಎಂದರು ಆಮೇಲೆ. "ಹನ್ನೆರಡು ದಿನ ನಾನು ನನ್ನ ಮೈನ ಬೈಕಂಡೆ. ಊರೋರಿಗೆಲ್ಲ ತಡಕಳೋಕೆ ಆಯ್ತದೆ, ನಿಂಗ್ಯಾಕೆ ಆಗಲ್ಲ ಅಂತ. ಇವ್ರಿಗೆ ಭಾರ ಆಗಿದೀನಿ ಅಂತ." ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಇವ್ರಿಗೆ ಗೊತ್ತಾ?"

"ಮೊದಲು ಕಂಡುಹಿಡಿದವರೇ ಅವರು."

"ನಂಗೆ ಹೇಳ್ಲಿಲ್ಲ."

"ನಾನೇ ಹೇಳಬೇಕು ಅಂದರು."

ಆಕೆ ಬಾಗಿಲ ಕಡೆ ತಿರುಗಿ ನೋಡಿದರು. ಜಗಲಿಯ ಮೇಲೆ ಗಫೂರ್ ಸಾಬರು ನಮಗೆ ಬೆನ್ನು ಹಾಕಿ ಗಾಜು ತೊಳೆಯುತ್ತಿದ್ದರು. ಎಷ್ಟು ಸಲ ತೊಳೆದರೋ, ಆ ಗಾಜು ಯಾವಾಗಲೋ ಶುಚಿಯಾಗಿತ್ತು.

"ಇವತ್ತು ಬ್ಯಾಡ" ಎಂದರು ಹಾಜಿರಾಬಿ. "ನಾಳೆ ನೋಡಾನ."

ಬರುತ್ತೇನೆ ಎನ್ನಲಿಲ್ಲ. ನೋಡೋಣ ಎಂದರು. ಮರುದಿನ ಬೆಳಿಗ್ಗೆ ನಾನು ಸೂಜಿ ಕುದಿಸಿಟ್ಟು, ಕಿಟಕಿಯಿಂದ ಬೇವಿನ ಮರವನ್ನು ಎಷ್ಟು ಸಲ ನೋಡಿದೆನೋ. ಡಾಕ್ಟರು ಎರಡು ಸಲ ಹೊರಗೆ ಬಂದು, ಮರದ ಕಡೆ ನೋಡಿ ಒಳಗೆ ಹೋದರು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಹೊರರೋಗಿಗಳೆಲ್ಲ ಹೋದ ಮೇಲೆ ಗಂಡ ಹೆಂಡತಿ ಬಂದರು. ಹಾಜಿರಾಬಿ ಪರದೆಯ ಹಿಂದೆ ಬಂದು ಬೆಂಚಿನ ಅಂಚನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡರು. ಈ ಸಲ ನೋಯದಿರಲಿ ಎಂದು ಸಿದ್ದರಬೆಟ್ಟದ ಸ್ವಾಮಿಯನ್ನು ನೆನೆದೆ. ಅದರ ಬುಡದ ಹಳ್ಳಿಯವಳು ನಾನು, ಬೇರೆ ಯಾರ ನೆನಪೂ ಬರಲಿಲ್ಲ.

ಮುಗಿದ ಮೇಲೆ ಆಕೆ ಕಣ್ಣು ಬಿಟ್ಟರು. "ಈಗ ಔಷಧಿ ಉರೀತೈತೆ, ಅಷ್ಟೇಯ" ಎಂದರು.

ಆ ಔಷಧಿ ಯಾರಿಗಾದರೂ ಉರಿಯುವಂಥದೇ. ಅದಕ್ಕೆ ನಾನು ಏನೂ ಮಾಡುವ ಹಾಗಿರಲಿಲ್ಲ. ಆದರೆ ಆ "ಅಷ್ಟೇಯ" ಎಂಬ ಮಾತು ಕೇಳಿ ನಾನು ಔಷಧಿ ಕೋಣೆಗೆ ಹೋಗಿ ಗೋಡೆಗೆ ಹಣೆ ಒತ್ತಿಕೊಂಡು ನಿಂತೆ.

ಆಮೇಲೆ ನಾನು ಎಲ್ಲಿಗೆ ವರ್ಗವಾದರೂ ಹೊಸ ಕಲ್ಲು ಬಂದರೆ ಮೊದಲು ಅದಕ್ಕೆ ಪೆನ್ಸಿಲ್ ಗೆರೆ ಬೀಳುತ್ತಿತ್ತು. ಅರವತ್ತರ ದಶಕದಲ್ಲಿ ಪಾವಗಡ ತಾಲ್ಲೂಕಿನಲ್ಲಿದ್ದಾಗ ಮೇಲಿನಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬಂದರು. ಬಂದು ಎರಡೇ ದಿನವಾಗಿದ್ದ ಸಾಣೆಕಲ್ಲು ಅದಾಗಲೇ ಸವೆದಿದ್ದನ್ನು ಕಂಡು, "ಸರ್ಕಾರದ ಹೊಸ ಸಾಮಾನನ್ನು ಹೀಗೆ ತೇಯುವುದಕ್ಕೆ ಯಾರು ಅಪ್ಪಣೆ ಕೊಟ್ಟರು?" ಎಂದು ಕೇಳಿದರು. ಬಲಸಮುದ್ರದ ಕಡೆ ಕಾಲರಾ ಇಂಜೆಕ್ಷನ್ ಹಾಕಲು ನಾವು ಹೊರಟಿದ್ದ ದಿನ ಅದು. ಅವರೂ ಜೊತೆಗೆ ಬರುವವರು, ಆದ್ದರಿಂದ ಅವರೂ ಮೊದಲು ಚುಚ್ಚಿಸಿಕೊಳ್ಳಬೇಕಾಗಿತ್ತು. ನಾನು, "ಸಾರ್, ತೇಯದ ಕಲ್ಲಿನಲ್ಲಿ ಹಿಡಿದ ಸೂಜಿಯೂ ಇದೆ, ತೇಯ್ದ ಕಲ್ಲಿನದೂ ಇದೆ. ನಿಮಗೆ ಯಾವುದು ಹಾಕಲಿ?" ಎಂದು ವಿನಯವಾಗಿಯೇ ಕೇಳಿದೆ. ತೇಯದ ಕಲ್ಲಿನ ಸೂಜಿ ನನ್ನಲ್ಲಿ ಇರಲಿಲ್ಲ. ಅವರು ಅಂಗಿಯ ತೋಳು ಮಡಿಚಿದರು. ಪುಸ್ತಕದಲ್ಲಿ "ಕಲ್ಲು ಸುಸ್ಥಿತಿಯಲ್ಲಿದೆ" ಎಂದು ಬರೆದು ಹೋದರು. ಅವತ್ತೇ ಒಬ್ಬ ತೆಲುಗು ಅಜ್ಜಿ "ಮೆಲ್ಲಗಾ ವೆಯ್ಯಮ್ಮಾ", ಮೆಲ್ಲಗೆ ಹಾಕಮ್ಮ, ಎಂದು ಗೋಗರೆಯುತ್ತ ಕೂತವಳು, ಹಾಕಿ ಮುಗಿಸಿದ ಮೇಲೂ ತೋಳು ಚಾಚಿಕೊಂಡೇ ಇದ್ದಳು. ಆಯಿತು ಏಳಜ್ಜಿ ಎಂದರೆ ನಂಬಲಿಲ್ಲ.

ಎಂಬತ್ತರ ದಶಕದ ಹೊತ್ತಿಗೆ ಒಮ್ಮೆ ಬಳಸಿ ಬಿಸಾಡುವ ಸೂಜಿಗಳು ಬರತೊಡಗಿದವು. ಒಳ್ಳೆಯದೇ ಆಯಿತು. ಸಾಣೆಕಲ್ಲಿನ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ನಮ್ಮ ಆ ಸೂಜಿಗಳು ಎಷ್ಟು ಜನರನ್ನು ನೋಯಿಸಿದವು ಎಂದು ನನಗೆ ಗೊತ್ತಿದೆ.

ಹಾಜಿರಾಬಿಯ ಸಂಗತಿ ಮುಗಿಸುತ್ತೇನೆ. ಆ ದಿನದಿಂದ ಮೂರು ತಿಂಗಳ ಲೆಕ್ಕ ಮುಗಿಯುವವರೆಗೆ ಒಂದು ದಿನವೂ ತಪ್ಪಿಸದೆ ಬಂದರು. ತುಮಕೂರಿಗೆ ಹೋಗಿ ಎದೆಯ ಫೋಟೋ ತೆಗೆಸಿಕೊಂಡು ಬಂದರು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿ, "ಇನ್ನು ಚುಚ್ಚೋದು ಸಾಕು. ಮಾತ್ರೆ ಮಾತ್ರ ಬಿಡಬೇಡಿ" ಎಂದರು. ಗಫೂರ್ ಸಾಬರು ಬೇವಿನ ಮರದಡಿ ನಿಂತು ಟೋಪಿ ತೆಗೆದು, ಮತ್ತೆ ಹಾಕಿಕೊಂಡು ಹೊರಟರು.

ಮರುದಿನ ಬೆಳಿಗ್ಗೆ ನಾನು ಬಂದಾಗ ಹಾಜಿರಾಬಿ ಎಂದಿನ ಹೊತ್ತಿಗೆ ಎಂದಿನ ಬೆಂಚಿನ ಮೇಲೆ ಕೂತಿದ್ದರು. ಒಬ್ಬರೇ.

"ಏನಾಯಿತು? ಮತ್ತೆ ಜ್ವರ ಬಂತಾ? ಸಾಬರೆಲ್ಲಿ?"

"ಏನಿಲ್ಲ ಬುಡಿ. ಅವ್ರು ಅಂಗಡಿ ತೆಗೀತವ್ರೆ. ನಾನೊಬ್ಳೇ ಬಂದೆ."

"ಇಂಜೆಕ್ಷನ್ ಮುಗೀತಲ್ಲ, ಇನ್ನೇನು ಕೆಲಸ ಇತ್ತು?"

"ಕೆಲಸ ಏನಿಲ್ಲ" ಎಂದು ಆಕೆ ನಾಚಿಕೊಂಡವರ ಹಾಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಮುಂಚೆ ಬರೋವಾಗ ಸಂತೆಮಾಳದಾಗೆ ಒಂದ್ಸಲ ಕೂರ್ತಿದ್ದೆ. ಅಂಚೆ ಆಫೀಸಿನ ಕಟ್ಟೆ ಮೇಲೆ ಒಂದ್ಸಲ. ಈ ದಿಬ್ಬ ಹತ್ತೋವಾಗ ಇವ್ರ ಕೈ ಹಿಡ್ಕಂಡು ನಿಲ್ತಿದ್ದೆ. ಇವತ್ತು ಎಲ್ಲೂ ಕೂರ್ಲಿಲ್ಲ ನರ್ಸಮ್ಮ. ಎಲ್ಲೂ ನಿಲ್ಲಲೂ ಇಲ್ಲ. ಅದುನ್ನ ಯಾರಿಗಾದ್ರೂ ಹೇಳ್ಬೇಕು ಅನ್ನುಸ್ತು."

ಹೇಳಿ ಮುಗಿಸಿ ಎದ್ದರು. ನಾನು ಮೆಟ್ಟಿಲವರೆಗೆ ಜೊತೆಗೆ ಹೋದೆ. ಆಕೆ ದಿಬ್ಬ ಇಳಿದು, ಅಂಚೆ ಆಫೀಸಿನ ಕಟ್ಟೆಯ ಪಕ್ಕದಲ್ಲೇ ಹಾದು, ಅದರ ಕಡೆ ತಿರುಗಿಯೂ ನೋಡದೆ ಬಜಾರಿನ ಜನರೊಳಗೆ ಸೇರಿಹೋದರು.